ಬಿಸಿಲೇರಿದ ಹೊತ್ತಿನಲ್ಲಿ ಬಾಗಿಲ ಬಳಿ ಯಾರಿದ್ದಾರೆ?

ಬಾದಾಮಿ, ಹುನಗುಂದ, ಇಳಕಲ್ಲಿನಿಂದ ಈ ಬಿಸಿಲಲ್ಲಿ ಬನಶಂಕರಿ ತನಕ ಬಂದಿದ್ದೀರಿ. ಬೆಂಗಳೂರಲ್ಲಿ ಕೆಲಸ ಮಾಡಿ ರಜೆಗೆ ಊರಿಗೆ ಬಂದವರೂ ಇದ್ದೀರಿ. ಮೊದಲು ಎಲ್ಲರೂ ನೀರು ಕುಡಿಯಿರಿ. ಹಿಂದಿನ ಸಾಲಿಗೂ ಕೊಡಿ. ಆಮೇಲೆ ಸತ್ಯವೇದ ತೆರೆಯೋಣ, ಆದಿಕಾಂಡ 18ನೇ ಅಧ್ಯಾಯ.

ಈ ಅಧ್ಯಾಯ ಅಂದ ಕೂಡಲೇ ನಾವು ಸಾರಳ ನಗುವಿಗೆ, ಮಗನ ವಾಗ್ದಾನಕ್ಕೆ ಓಡುತ್ತೇವೆ. ಇವತ್ತು ಮೊದಲ ಎಂಟು ವಚನಗಳಲ್ಲೇ ನಿಲ್ಲೋಣ. ಹೊತ್ತು ಯಾವುದು? ಮಟಮಟ ಮಧ್ಯಾಹ್ನ. ಅಬ್ರಹಾಮನ ವಯಸ್ಸು ಹೆಚ್ಚುಕಡಿಮೆ 99. ಎಲ್ಲಿ ಕೂತಿದ್ದಾನೆ? ಗುಡಾರದ ಒಳಗೆ ಮಲಗಿಲ್ಲ, ಬಾಗಿಲಲ್ಲಿ ಕೂತಿದ್ದಾನೆ. ಬಿಸಿಲಲ್ಲಿ ನಿಂತ ಮೂವರನ್ನು ಕಂಡ. ಅವರು ಬಂದು ಬಾಗಿಲು ತಟ್ಟಲಿ ಅಂತ ಕಾಯಲಿಲ್ಲ, ನೆರಳಲ್ಲಿದ್ದವನೇ ಎದ್ದು ಬಿಸಿಲಿಗೆ ಓಡಿದ. ಕಾಲಿಗೆ ನೀರು, ಮರದ ನೆರಳು, ರೊಟ್ಟಿ, ಆಮೇಲೆ ಮಾತು. ಅವರು ಯಾರು ಅಂತ ಆಗ ಅವನಿಗೆ ಗೊತ್ತಿರಲಿಲ್ಲ, ಇದನ್ನ ಮರೆಯಬೇಡಿ.

ಈಗ ಹೊರಗೆ ನೋಡಿ. ಇಲ್ಲಿನ ಹೊಂಡದ ಸುತ್ತ ಕಲ್ಲಿನ ಮಂಟಪಗಳಿವೆ. ನಮ್ಮ ಆರಾಧನೆ ಬೇರೆ, ಆ ಮಾತು ಬೇರೆ. ನೀರಿನ ಪಕ್ಕದಲ್ಲಿ ನೆರಳು ಬೇಕು ಅಂತ ಹಿಂದಿನವರಿಗೆ ತಿಳಿದಿತ್ತು, ನಾವು ಈಗ ಕಟ್ಟುವ ಬಸ್ ನಿಲ್ದಾಣಗಳನ್ನ ನೋಡಿದರೆ ನಮಗೆ ಅದು ಮರೆತಿದೆ. ಅಲ್ಲೇ ಬುಟ್ಟಿ ಇಟ್ಟುಕೊಂಡು ಜೋಳದ ರೊಟ್ಟಿ, ಮೊಸರು, ಚಟ್ನಿ ಮಾರುವ ತಾಯಂದಿರನ್ನು ನೀವೆಲ್ಲ ನೋಡಿದ್ದೀರಿ, ಅವರ ಕೈಯ ರೊಟ್ಟಿ ತಿಂದಿದ್ದೀರಿ. ಅವರಲ್ಲೊಬ್ಬರನ್ನು ನಾನು ಕೇಳಿದೆ, ‘ಯವ್ವಾ, ವ್ಯಾಪಾರ ಹ್ಯಾಂಗೈತಿ?’ ಆಕೆ ಹೇಳಿದಳು: ‘ಗ್ಯಾಸ್ ತುಟ್ಟಿ ಆಗೇತಿ, ಟಂಟಂ ತುಟ್ಟಿ ಆಗೇತಿ, ರೊಟ್ಟಿ ಮಾತ್ರ ತುಟ್ಟಿ ಮಾಡಾಕ ಬರೂದಿಲ್ರೀ. ಬಸ್ ನಮಗ ಪುಕ್ಕಟ ಐತಿ ಖರೆ, ಬುಟ್ಟಿ ತುಂಬೂ ಹೊತ್ತಿಗೆ ಬಸ್ ಬರಬೇಕಲ್ರೀ?’

ಇಷ್ಟರಲ್ಲೇ ಇಡೀ ಅರ್ಥಶಾಸ್ತ್ರ ಇದೆ. 2024ರ ಜೂನ್ 15ರಂದು ನಮ್ಮ ರಾಜ್ಯದಲ್ಲಿ ಮಾರಾಟ ತೆರಿಗೆ ಏರಿ ಪೆಟ್ರೋಲ್ ಲೀಟರಿಗೆ ಸುಮಾರು 3 ರೂಪಾಯಿ ಹೆಚ್ಚಾಯಿತು, ಡೀಸೆಲ್ ಕೂಡ ಏರಿತು. 2025ರ ಜನವರಿ 5ರಿಂದ ಸರ್ಕಾರಿ ಬಸ್ ದರ ಶೇಕಡಾ 15 ಜಾಸ್ತಿ. ಏಪ್ರಿಲ್ 1ರಂದು ಡೀಸೆಲ್ ಮೇಲೆ ಮತ್ತೆ 2 ರೂಪಾಯಿ, ಒಂದು ವಾರ ಕಳೆದು ಅಡುಗೆ ಸಿಲಿಂಡರ್ ಮೇಲೆ 50 ರೂಪಾಯಿ. ಲಾರಿಯವರು ಅದನ್ನ ಬಾಡಿಗೆಗೆ ಸೇರಿಸುತ್ತಾರೆ, ಅಂಗಡಿಯವರು ಟೊಮೇಟೊಗೆ, ಹೋಟೆಲಿನವರು ಊಟಕ್ಕೆ. ಹೀಗೆ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ದಾಟುತ್ತಾ, ಮುಂದಕ್ಕೆ ದಾಟಿಸಲು ಯಾರೂ ಇಲ್ಲದವರ ಬುಟ್ಟಿಯಲ್ಲಿ ಬಂದು ಕೂರುತ್ತದೆ. ಬಾದಾಮಿಯಿಂದ 5 ಕಿಲೋಮೀಟರ್ ಕಾರಲ್ಲಿ ಎಸಿ ಹಾಕಿಕೊಂಡು ಬಂದು, ಆ ಬುಟ್ಟಿಯ ಮುಂದೆ ಐದು ರೂಪಾಯಿಗೆ ಚೌಕಾಸಿ ಮಾಡುವವರನ್ನ ನಾನು ಕಂಡಿದ್ದೇನೆ.

ಬೆಂಗಳೂರಲ್ಲಿ ಡೆಲಿವರಿ ಮಾಡುವ ನಮ್ಮ ಹುಡುಗರ ಲೆಕ್ಕವೂ ಹೀಗೇ. ದಿನಕ್ಕೆ 100 ಕಿಲೋಮೀಟರ್, ಬೈಕ್ ಲೀಟರಿಗೆ 50 ಕೊಟ್ಟರೆ 2 ಲೀಟರ್ ಪೆಟ್ರೋಲ್. ಇನ್ನೂರು ರೂಪಾಯಿಗೂ ಮೇಲೆ ಅವನ ಕಿಸೆಯಿಂದಲೇ ಹೋಗುತ್ತದೆ. ಆರ್ಡರಿಗೆ ಎಷ್ಟು ಅಂತ ನಿರ್ಧರಿಸುವುದು ಮಾತ್ರ ಅವನಲ್ಲ. 2024ರ ಏಪ್ರಿಲ್ ಕೊನೆಗೆ, ತಂಪು ಊರು ಅಂತ ಹೆಸರಾದ ಬೆಂಗಳೂರೇ 38 ಡಿಗ್ರಿ ದಾಟಿತ್ತು.

ನಮ್ಮ ಬಾಗಲಕೋಟೆಯಲ್ಲಿ 2025ರ ಏಪ್ರಿಲ್, ಮೇ ತಿಂಗಳಿಗೆ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ 1.30 ಅಂತ ಆದೇಶ ಬಂತು. ಒಳ್ಳೆಯದೇ, ದೇವರಿಗೆ ಸ್ತೋತ್ರ. ಆದರೆ ಯೋಚಿಸಿ, ಫ್ಯಾನಿನ ಕೆಳಗೆ ಕೂತವರಿಗೆ ಬಿಸಿಲಿನಿಂದ ರಜೆ ಸಿಕ್ಕಿತು. ಗ್ರಾನೈಟ್ ಕ್ವಾರಿಯಲ್ಲಿ ಕಲ್ಲು ಒಡೆಯುವವನಿಗೆ, ಟಂಟಂ ಓಡಿಸುವವನಿಗೆ, ರೊಟ್ಟಿ ಅವ್ವನಿಗೆ ಯಾವ ಆದೇಶ ಬಂತು?

ಮತ್ತಾಯ 20 ನೆನಪು ಮಾಡಿಕೊಳ್ಳಿ. ದ್ರಾಕ್ಷಿತೋಟದ ಕೂಲಿಯವರಲ್ಲಿ ಮೊದಲು ಬಂದವರು ಗೊಣಗಿದರು, ದಿನವೆಲ್ಲ ಬಿಸಿಲು ಹೊತ್ತವರು ನಾವು ಅಂತ. ನಾವು ಪ್ರಸಂಗದಲ್ಲಿ ಅವರನ್ನ ಬೈದು ಮುಂದೆ ಹೋಗುತ್ತೇವೆ. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. ಅವರು ಬಿಸಿಲು ಹೊತ್ತದ್ದು ಸುಳ್ಳು ಅಂತ ಯಜಮಾನ ಎಲ್ಲಿಯೂ ಹೇಳಲಿಲ್ಲ. ಇನ್ನೊಂದು ವಿಷಯ, ಆ ಯಜಮಾನ ಮಧ್ಯಾಹ್ನವೂ, ಮೂರು ಗಂಟೆಗೂ ತಾನೇ ಪೇಟೆಗೆ ಹೋದ. ಕೆಲಸ ಸಿಗದೆ ನಿಂತವರನ್ನು ತನ್ನ ಕಣ್ಣಾರೆ ಕಂಡ. ನಾವು ಮೊಬೈಲಿನಲ್ಲಿ ಬೈಕಿನ ಚಿತ್ರ ಸರಿಯುವುದನ್ನ ಕಾಣುತ್ತೇವೆ, ಅದರ ಮೇಲಿರುವ ತಮ್ಮನನ್ನ ಕಾಣುವುದಿಲ್ಲ. ಒಂದು ಐಸ್‌ಕ್ರೀಮಿಗಾಗಿ ಎರಡು ಗಂಟೆ ಬಿಸಿಲಲ್ಲಿ ಯಾರನ್ನೋ ಓಡಿಸುವ ಬದಲು ಸಂಜೆ ತನಕ ಕಾಯಬಹುದಲ್ಲ? ಆಮೆನ್ ಅನ್ನುವುದಕ್ಕೆ ಕಷ್ಟ ಆಗುತ್ತಿದೆ, ಗೊತ್ತು.

ಉಪವಾಸದ ವಿಷಯ ಸ್ವಲ್ಪ ಬಿಚ್ಚಿಯೇ ಹೇಳುತ್ತೇನೆ. ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಬರುವವರಲ್ಲಿ ಕಟ್ಟಡ ಕೆಲಸದವರು, ಬೈಕ್ ಓಡಿಸುವವರು ಇದ್ದೀರಿ. ಬಿಸಿಲಲ್ಲಿ ದುಡಿಯುವ ದಿನ ನೀರು ಬಿಟ್ಟು ಉಪವಾಸ ಮಾಡಬೇಡಿ. ಬೆವರು ಆರುವಾಗಲೇ ಮೈ ತಣ್ಣಗಾಗುವುದು. ನಮ್ಮ ಕಡೆಯ ಒಣ ಹವೆಯಲ್ಲಿ ಬೆವರು ಬಂದದ್ದೇ ತಿಳಿಯದೆ ಆರಿಹೋಗುತ್ತದೆ, ಬಾಯಾರಿಕೆ ಆಗುವ ಹೊತ್ತಿಗೆ ಮೈಯಲ್ಲಿ ನೀರು ಕಡಿಮೆ ಆಗಿರುತ್ತದೆ. ಸೋತು ಮಲಗಿದ್ದ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ಉಪದೇಶ ಅಲ್ಲ, ರೊಟ್ಟಿ ಮತ್ತು ನೀರು. 1 ಅರಸುಗಳು 19, ಮನೆಗೆ ಹೋಗಿ ಓದಿ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದ ಅಳತೆ. ಇದು ಬಾಟಲಿಯಲ್ಲಿ ಜೊತೆಗಿರಲಿ.

ಯಾರಾದರೂ ಬಿಸಿಲಲ್ಲಿ ತೊದಲಿದರೆ, ದಿಕ್ಕು ತಪ್ಪಿದವರ ಹಾಗೆ ಆಡಿದರೆ, ದಯವಿಟ್ಟು ದೆವ್ವ ಅಂದುಕೊಂಡು ಬಿಡಿಸಲು ಕೂರಬೇಡಿ. ನೆರಳಿಗೆ ತನ್ನಿ, ಮೈಮೇಲೆ ನೀರು ಹಾಕಿ, ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬೇಡಿ. ಪ್ರಾರ್ಥನೆಯನ್ನ ಆಂಬುಲೆನ್ಸಿನಲ್ಲೂ ಮಾಡಬಹುದು.

ಇನ್ನು ನಮ್ಮ ಸಭೆಯ ವಿಷಯ. ಈ ತಗಡಿನ ಚಾವಣಿಯ ಕೆಳಗೆ ಮೂರು ತಾಸು ಕೂರಿಸುವುದು ಬೇಡ. ಮೇ ಮುಗಿಯುವ ತನಕ ಭಾನುವಾರದ ಆರಾಧನೆ ಬೆಳಿಗ್ಗೆ 7ಕ್ಕೆ ಶುರು, 9ಕ್ಕೆ ಮುಕ್ತಾಯ. ನಾನೂ ಚಿಕ್ಕದಾಗಿ ಮಾತಾಡುತ್ತೇನೆ, ನಗಬೇಡಿ. ಒಂದು ಬೈಕಲ್ಲಿ ಇಬ್ಬರು ಬನ್ನಿ, ಪೆಟ್ರೋಲ್ ಹಂಚಿಕೊಳ್ಳಿ. ಮೂವರು ಬೇಡ. ರಸ್ತೆ ಪಕ್ಕದ ಬೇವಿನ ಮರದ ಕೆಳಗೆ ನಾಳೆಯಿಂದ ಅರವಟ್ಟಿಗೆ ಇಡುತ್ತೇವೆ, ಎರಡು ಗಡಿಗೆ ನೀರು, ಒಂದು ಗಡಿಗೆ ಮಜ್ಜಿಗೆ. ಅಲ್ಲಿ ಕರಪತ್ರ ಹಂಚುವುದು ಬೇಡ, ಬ್ಯಾನರ್ ಬೇಡ. ಯಾವ ಊರು, ಯಾವ ದೇವರು ಅಂತ ಕೇಳುವುದೂ ಬೇಡ, ಅಬ್ರಹಾಮನು ಕೇಳಲಿಲ್ಲ. ಸೋಮವಾರ ಗಡಿಗೆ ತುಂಬುವ ಸರದಿ ಬಾದಾಮಿಯವರದು, ಮಂಗಳವಾರ ಹುನಗುಂದದವರದು. ಇಳಕಲ್ಲಿನವರು ದೂರ, ನೀವು ಮಜ್ಜಿಗೆಯ ಖರ್ಚು ನೋಡಿಕೊಳ್ಳಿ.

ಈಗ ಪ್ರಾರ್ಥನೆಗೆ ಎದ್ದು ನಿಲ್ಲೋಣ. ತಲೆ ಸುತ್ತುತ್ತಿರುವವರು ಕೂತೇ ಇರಿ.