ಸವೆಯದ ಟೈರಿಗೂ ವಯಸ್ಸಾಗುತ್ತದೆ

ಅರಿಜೋನಾದ ಫೀನಿಕ್ಸ್‌ನಿಂದ ಉತ್ತರಕ್ಕೆ ಹೋಗುವ ಐ-17 ಹೆದ್ದಾರಿ ಬ್ಲ್ಯಾಕ್ ಕ್ಯಾನ್ಯನ್ ಸಿಟಿ ದಾಟಿದ ಮೇಲೆ ಸನ್‌ಸೆಟ್ ಪಾಯಿಂಟ್‌ವರೆಗೆ ಏರುತ್ತಲೇ ಇರುತ್ತದೆ. 2022ರ ಜೂನ್‌ನಲ್ಲಿ ಆ ಏರಿನಲ್ಲಿ ನಮ್ಮ ಕ್ಯಾಂಪಿಂಗ್ ಟ್ರೈಲರಿನ ಬಲಬದಿಯ ಹಿಂದಿನ ಟೈರು ಸಿಡಿಯಿತು. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಎರಡು ರಾತ್ರಿಗೆ ಜಾಗ ಕಾದಿರಿಸಿ ಹೆಂಡತಿ, ಮಕ್ಕಳೊಂದಿಗೆ ಹೊರಟಿದ್ದೆವು. ಪಿಕಪ್‌ನ ಕನ್ನಡಿಯಲ್ಲಿ ರಬ್ಬರಿನ ಉದ್ದನೆಯ ಪಟ್ಟಿಯೊಂದು ಟ್ರೈಲರಿನ ಪಕ್ಕೆಗೆ ಬಡಿಯುವುದು ಕಂಡಿತು. ನಿಧಾನಕ್ಕೆ ಬದಿಗೆ ತಂದು ನಿಲ್ಲಿಸಿದೆ. ಯಾರಿಗೂ ಏನೂ ಆಗಲಿಲ್ಲ.

ಟೈರು ಸವೆದಿರಲಿಲ್ಲ. ಹರಿದು ನೇತಾಡುತ್ತಿದ್ದ ಚೂರಿನಲ್ಲೂ ಗ್ರಿಪ್ ಹೊಸದರಂತೆ ಆಳವಾಗಿತ್ತು. ಪಕ್ಕದ ಗೋಡೆಯಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ಅವತ್ತು ಮೊದಲ ಸಲ ಓದಿದೆ: 3815. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. 2015ರ 38ನೇ ವಾರದಲ್ಲಿ ತಯಾರಾದ ಟೈರು. ಹಿಂದಿನ ವರ್ಷ ಈ ಟ್ರೈಲರನ್ನು ಹಳೆಯದಾಗಿಯೇ ಕೊಂಡಾಗ ಮಾರಿದವರು ಟೈರು ಚೆನ್ನಾಗಿವೆ ಎಂದಿದ್ದರು. ನಾನೂ ನಾಣ್ಯ ತೂರಿಸಿ ಆಳ ನೋಡಿ ಒಪ್ಪಿದ್ದೆ. ತಾರೀಖು ನೋಡಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಯಾಕೆ ಹೊಳೆಯಲಿಲ್ಲ ಎಂದು ಆಮೇಲೆ ತುಂಬ ಯೋಚಿಸಿದ್ದೇನೆ. ಹಾಸನದ ನಮ್ಮ ಮನೆಯಲ್ಲಿ ಟೈರು ಬದಲಿಸಲು ಇದ್ದದ್ದು ಒಂದೇ ಕಾರಣ: ಬೋಳಾದರೆ ಬದಲಿಸು. ಅಪ್ಪನ ಸ್ಕೂಟರು ದಿನವೂ ಓಡುತ್ತಿತ್ತು, ಟೈರಿಗೆ ವಯಸ್ಸಾಗುವ ಮೊದಲೇ ಅದು ಸವೆದುಹೋಗುತ್ತಿತ್ತು. ಆ ಲೆಕ್ಕ ಅಲ್ಲಿಗೆ ಸರಿ. ಟ್ರೈಲರಿನ ಬಾಳು ಬೇರೆ. ವರ್ಷದಲ್ಲಿ ಮೂವತ್ತು ದಿನ ಓಡಿದರೆ ಹೆಚ್ಚು, ಉಳಿದ ದಿನವೆಲ್ಲ ಅಷ್ಟೂ ಭಾರ ಹೊತ್ತು ಕಾದ ಡಾಂಬರಿನ ಮೇಲೆ ನಿಂತಿರುತ್ತದೆ. ಅದರ ಟೈರಿನ ಆಯುಸ್ಸನ್ನು ಮೈಲಿಯಲ್ಲಿ ಎಣಿಸಿದರೆ ತಪ್ಪು ಉತ್ತರವೇ ಬರುತ್ತದೆ.

ಟೈರಿನ ರಬ್ಬರಿಗೆ ಒಂದು ಬಗೆಯ ಮೇಣ ಬೆರೆಸಿರುತ್ತಾರೆ. ಚಕ್ರ ಉರುಳಿ ಟೈರು ಬಾಗಿ ಬಳುಕುವಾಗ ಅದು ಮೇಲ್ಮೈಗೆ ಬಂದು ಗಾಳಿಯ ಓಝೋನಿನಿಂದ ಕಾಪಾಡುತ್ತದೆ. ನಿಂತೇ ಇರುವ ಟೈರಿಗೆ ಆ ರಕ್ಷಣೆ ಕಡಿಮೆ, ಹಾಗಾಗಿ ಪಕ್ಕದ ಗೋಡೆಯಲ್ಲಿ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಅವಾದರೂ ಕಣ್ಣಿಗೆ ಕಾಣುತ್ತವೆ. ಒಳಗೆ ಉಕ್ಕಿನ ಪಟ್ಟಿಗಳನ್ನು ಬೆಸೆದಿರುವ ರಬ್ಬರು ಆಮ್ಲಜನಕ ಹೀರಿ ಗಡುಸಾಗಿ ಹಿಡಿತ ಬಿಡುವುದು ಕಾಣುವುದೇ ಇಲ್ಲ. ಬಿಸಿ ಹೆಚ್ಚಿದಷ್ಟೂ ಅದು ಬೇಗ ಆಗುತ್ತದೆ. 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ತಾಪಮಾನ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಡಿಗ್ರಿ ಸೆಲ್ಸಿಯಸ್, ಮುಟ್ಟಿತು ಇಲ್ಲವೇ ದಾಟಿತು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಟೈರಿನ ವಯಸ್ಸಿನ ಅಧ್ಯಯನಕ್ಕೆ ಈ ಊರಿನ ಕಾರುಗಳ ಟೈರುಗಳನ್ನೇ ಸಂಗ್ರಹಿಸಿತ್ತು. 2007ರಲ್ಲಿ ಅದು ಸಂಸತ್ತಿಗೆ ಕೊಟ್ಟ ವರದಿಯಲ್ಲಿ ಒಂದು ದೊಡ್ಡ ವಿಮಾ ಕಂಪನಿಯ ಲೆಕ್ಕವಿದೆ. ಅದರ ಗ್ರಾಹಕರಲ್ಲಿ ಅರಿಜೋನಾ ಸೇರಿ ಐದು ಬಿಸಿ ರಾಜ್ಯಗಳವರು ಶೇ 27 ಮಾತ್ರ, ಆದರೆ ಟೈರಿಗೆ ಸಂಬಂಧಿಸಿದ ಕ್ಲೇಮುಗಳಲ್ಲಿ ಶೇ 77 ಅಲ್ಲಿಂದಲೇ ಬಂದವು. ಅವುಗಳಲ್ಲಿ ಶೇ 84ರಷ್ಟು ಆರು ವರ್ಷ ದಾಟಿದ ಟೈರುಗಳು.

ಈಗ ದುಡ್ಡಿನ ವಿಷಯ. ಸಿಡಿದ ಟೈರು ಚಕ್ರದ ಮೇಲಿನ ತಗಡು, ನೆಲದ ಹಲಗೆಯ ಒಂದು ಭಾಗ, ಬ್ರೇಕಿನ ವೈರು ಎಲ್ಲವನ್ನೂ ಕಿತ್ತುಹಾಕಿತ್ತು. ಅಡುಗೆ ಗ್ಯಾಸಿನ ಕೊಳವೆ ಬಾಗಿತ್ತು, ಒಡೆದಿರಲಿಲ್ಲ. ಆ ಕೊಳವೆಯನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ರಿಪೇರಿಗೆ 3,400 ಡಾಲರ್ ಆಯಿತು. ಮೊದಲ 1,000 ನಮ್ಮ ಜೇಬಿನಿಂದ, ಉಳಿದದ್ದು ವಿಮೆಯಿಂದ. ಟೈರಿಗೆ ವಿಮೆಯವರು ಒಂದು ಡಾಲರೂ ಕೊಡಲಿಲ್ಲ. ಸ್ಟೆಪ್ನಿ ಸೇರಿ ಐದು ಹೊಸ ಟೈರಿಗೆ ತಲಾ 160ರಂತೆ 800 ಡಾಲರ್ ತೆತ್ತೆ.

ಆ 800ನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 160. ಟೈರನ್ನು ಏಳು ವರ್ಷ ಎಳೆದರೆ ವರ್ಷಕ್ಕೆ ಸುಮಾರು 114. ಅಂದರೆ ವರ್ಷಕ್ಕೆ 46 ಡಾಲರ್ ಉಳಿತಾಯಕ್ಕಾಗಿ ನಾನು ಮಕ್ಕಳನ್ನು ಕೂರಿಸಿಕೊಂಡು ಅಪಾಯ ಎಳೆದುಕೊಂಡು ಹೋಗುತ್ತಿದ್ದೆ. ಈ ಲೆಕ್ಕವನ್ನು ಕೊಳ್ಳುವ ದಿನವೇ ಮಾಡಿದ್ದರೆ ಟ್ರೈಲರಿನ ಬೆಲೆಯಲ್ಲಿ 800 ಡಾಲರ್ ಇಳಿಸಿ ಎಂದು ಕೇಳಬಹುದಿತ್ತು. ಹಳೆಯ ಗಾಡಿ ಕೊಳ್ಳುವವರು ಈ ಚೌಕಾಸಿಯನ್ನು ಖಂಡಿತ ಮಾಡಿ.

ಎಷ್ಟು ವರ್ಷಕ್ಕೆ ಬದಲಿಸಬೇಕು? ಮಿಷೆಲಿನ್ ಕಂಪನಿ ಐದು ವರ್ಷದ ನಂತರ ಪ್ರತಿವರ್ಷ ಪರಿಣತರಿಂದ ಪರೀಕ್ಷೆ ಮಾಡಿಸಿ, ಹೇಗೇ ಇದ್ದರೂ ಹತ್ತಕ್ಕೆ ತೆಗೆದುಬಿಡಿ ಎನ್ನುತ್ತದೆ. ಹಲವು ಕಾರು ಕಂಪನಿಗಳು ಆರು ಎನ್ನುತ್ತವೆ. ಟ್ರೈಲರ್ ಟೈರು ಸದಾ ತನ್ನ ಶಕ್ತಿಯ ಅಂಚಿನಲ್ಲಿ ದುಡಿಯುತ್ತದೆ. ಎರಡು ಅಚ್ಚಿನ ಗಾಡಿಯಾದರೆ ಪ್ರತಿ ಕಿರಿದಾದ ತಿರುವಿನಲ್ಲೂ ಅಡ್ಡಡ್ಡ ಉಜ್ಜಿಸಿಕೊಳ್ಳುತ್ತದೆ. ಹಾಗಾಗಿ ಬಿಸಿಲ ನಾಡಿನಲ್ಲಿ ನನ್ನ ಗಡುವು ಐದು ವರ್ಷ. ಅದಕ್ಕೆಂದೇ ತಿಂಗಳಿಗೆ 14 ಡಾಲರ್ ಬೇರೆ ಖಾತೆಗೆ ಹೋಗುತ್ತದೆ. ಗಡುವು ಬಂದಾಗ ಟೈರಿನ ದುಡ್ಡು ಸಿದ್ಧವಾಗಿರುತ್ತದೆ, ಇನ್ನೊಂದು ಪ್ರವಾಸ ಮುಗಿಸಿ ನೋಡೋಣ ಎಂಬ ಮಾತು ಬಾಯಿಗೆ ಬರುವುದಿಲ್ಲ.

ಎಣಿಕೆ ಶುರುವಾಗುವುದು ತಯಾರಾದ ವಾರದಿಂದ. ಅಂಗಡಿಯವರು ಮೊದಲು ತಂದಿಟ್ಟ ಹೊಸ ಟೈರುಗಳಲ್ಲಿ ಒಂದು ಹದಿನಾಲ್ಕು ತಿಂಗಳು ಹಳೆಯದಿತ್ತು. ಬೇಡವೆಂದೆ, ತಕರಾರಿಲ್ಲದೆ ಬೇರೆ ತರಿಸಿಕೊಟ್ಟರು. ಸ್ಟೆಪ್ನಿಯನ್ನೂ ಮರೆಯಬೇಡಿ, ಹಿಂದಿನ ಬಂಪರಿನಲ್ಲಿ ಬಿಸಿಲು ಕುಡಿಯುತ್ತ ಅದಕ್ಕೂ ವಯಸ್ಸಾಗುತ್ತದೆ. ಟೈರಿನ ಮೇಲೆ ಬರೆದ ವೇಗವನ್ನೂ ಓದಿ. ಟ್ರೈಲರಿನ ಹಳೆಯ ಟೈರುಗಳಲ್ಲಿ ಬಹಳಷ್ಟು 65 ಮೈಲಿ ವೇಗಕ್ಕೆ ಮಾಡಿದವು, ಅರಿಜೋನಾದ ಹೆದ್ದಾರಿಯಲ್ಲಿ ಊರಾಚೆ 75ರವರೆಗೆ ಬಿಡುತ್ತಾರೆ. ನೀರಿನ ತೊಟ್ಟಿಯನ್ನು ಮನೆಯಲ್ಲೇ ತುಂಬಿಸಿಕೊಂಡು ಹೊರಡುವ ಅಭ್ಯಾಸವನ್ನೂ ಬಿಟ್ಟೆ. 40 ಗ್ಯಾಲನ್ ನೀರೆಂದರೆ ಸುಮಾರು 150 ಕಿಲೋ ಭಾರ.

ಕಳೆದ ಸಲ ಹಾಸನಕ್ಕೆ ಹೋದಾಗ ಅಪ್ಪನ ಕಾರಿನ ಪಕ್ಕ ಮಂಡಿಯೂರಿ ನೋಡಿದೆ. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರೂ ಓಡದ ಕಾರು. ಗ್ರಿಪ್ ಚೆನ್ನಾಗಿದೆಯಲ್ಲ, ಇನ್ನೇನು ನೋಡುತ್ತೀ ಎಂದರು ಅಪ್ಪ. ಅಂಕಿಗಳು ಹೇಳಿದ್ದು 2013. ಮಾರನೆಯ ದಿನವೇ ಐದನ್ನೂ ಬದಲಿಸಿದೆವು. ನಿಮ್ಮ ಊರಿನ ಮನೆಯಲ್ಲೂ ಮಕ್ಕಳು ಬಂದಾಗ ಮಾತ್ರ ಹೊರಡುವ ಕಾರು ಶೆಡ್ಡಿನಲ್ಲಿ ನಿಂತಿದ್ದರೆ, ಈ ಭಾನುವಾರ ಫೋನ್ ಮಾಡಿದಾಗ ಅದರ ಟೈರಿನ ಕೊನೆಯ ನಾಲ್ಕು ಅಂಕಿಗಳನ್ನು ಓದಿಸಿ ಕೇಳಿಸಿಕೊಳ್ಳಿ.