ನಡುಗಡ್ಡೆಯ ಹಾದಿ

ದ್ವೀಪವೆಂದೊಡನೆ ನಮ್ಮ ಮನಸ್ಸು ಕಡಲಿನೆಡೆಗೆ ಓಡುತ್ತದೆ. ಕಡಲಿನಿಂದ ಬಹುದೂರದಲ್ಲಿರುವ ನಮ್ಮ ಬಯಲುಸೀಮೆಯಲ್ಲಿಯೂ ದ್ವೀಪಗಳುಂಟೆಂದರೆ ಕೆಲವರಿಗೆ ಅಚ್ಚರಿಯಾಗಬಹುದು. ಮಹಾಬಳೇಶ್ವರದಲ್ಲಿ ಹುಟ್ಟಿ ಬಯಲಿಗಿಳಿದ ಕೃಷ್ಣಾ ನದಿಯು ಬಂಡೆಗಳ ನಡುವೆ ಅಲ್ಲಲ್ಲಿ ಕವಲೊಡೆದು, ಮುಂದೆ ಮತ್ತೆ ಒಂದುಗೂಡುತ್ತದೆ. ಆ ಕವಲುಗಳ ನಡುವೆ ಉಳಿದ ನೆಲವೇ ನಡುಗಡ್ಡೆ. ಈ ಭಾಗದ ಜನರು ಅದನ್ನು ‘ಗಡ್ಡಿ’ ಎಂದು ಕರೆಯುತ್ತಾರೆ.

ಇಳಕಲ್ಲಿನಿಂದ ಹೊರಟ ಪ್ರವಾಸಿಗನು ಹುನಗುಂದದ ಮಾರ್ಗವಾಗಿ ಮೊದಲು ಕೂಡಲಸಂಗಮಕ್ಕೆ ಬರಬಹುದು. ಮಲಪ್ರಭೆಯು ಕೃಷ್ಣೆಯನ್ನು ಸೇರುವ ತಾಣವಿದು. 1982ರಲ್ಲಿ ಪೂರ್ಣಗೊಂಡ ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಇಲ್ಲಿಯವರೆಗೂ ಚಾಚಿದೆ. ಬಸವಣ್ಣನವರ ಐಕ್ಯಮಂಟಪವು ಮುಳುಗದಿರಲೆಂದು ಅದರ ಸುತ್ತಲೂ ಬಾವಿಯಂತೆ ದುಂಡನೆಯ ಗೋಡೆಯನ್ನು ಕಟ್ಟಲಾಗಿದೆ. ಯಾತ್ರಿಕನು ಸೇತುವೆಯ ಮೇಲೆ ನಡೆದು, ಮೆಟ್ಟಿಲುಗಳನ್ನಿಳಿದು, ಮಂಟಪವನ್ನು ಕಂಡು ಮರಳುತ್ತಾನೆ. ಸುತ್ತಲೂ ನೀರಿದ್ದರೂ ಅವನ ಕಾಲು ನೆನೆಯುವುದಿಲ್ಲ.

ಎಲ್ಲ ನಡುಗಡ್ಡೆಗಳಿಗೂ ಈ ಭಾಗ್ಯವಿಲ್ಲ. ಇಳಕಲ್ಲಿನಿಂದ ಪೂರ್ವಕ್ಕೆ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲನ್ನು ದಾಟಿ ಹೋದರೆ, ಕೃಷ್ಣೆಯ ಕವಲುಗಳ ನಡುವೆ ಜಲದುರ್ಗದ ಹಳೆಯ ಕೋಟೆ ಕಾಣುತ್ತದೆ. ಆ ಭಾಗದ ಹಳ್ಳಿಗರಿಗೆ ಶೀಲಹಳ್ಳಿಯ ತಗ್ಗಾದ ಸೇತುವೆಯೇ ಹತ್ತಿರದ ದಾರಿಯಾಗಿತ್ತು. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಅದು ಮುಳುಗಿತು. ಇಲ್ಲಿನ ಪ್ರವಾಹಕ್ಕೆ ಒಂದು ವಿಶೇಷವಿದೆ. ಮಳೆ ಸುರಿಯುವುದು ದೂರದ ಸಹ್ಯಾದ್ರಿಯಲ್ಲಿ. ಆ ನೀರು ಆಲಮಟ್ಟಿಯನ್ನೂ ನಾರಾಯಣಪುರವನ್ನೂ ದಾಟಿ ಬರುವಾಗ ಇಲ್ಲಿ ಬಿಸಿಲು ಕಾಯುತ್ತಿರಬಹುದು. ಆದುದರಿಂದ ನಡುಗಡ್ಡೆಯ ರೈತನು ಆಕಾಶವನ್ನು ನೋಡಿದರೆ ಸಾಲದು. ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರೆಂಬುದನ್ನು ಕೇಳಿ ತಿಳಿಯಬೇಕು.

ಅದೇ ಹೊಳೆಯ ಕೆಳದಂಡೆಗೆ ಸಾಗಿದರೆ ರಾಯಚೂರು ತಾಲ್ಲೂಕಿನ ಕುರುವಗಡ್ಡೆ ಸಿಗುತ್ತದೆ. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಇಲ್ಲಿಗೆ ದೂರದೂರದಿಂದ ಭಕ್ತರು ಬರುತ್ತಾರೆ. ಇಲ್ಲಿ ಬಹುಕಾಲದಿಂದ ಜನರನ್ನು ದಾಟಿಸುತ್ತ ಬಂದಿರುವುದು ಹರಿಗೋಲು. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಹೊರಮೈಗೆ ಹಿಂದೆ ತೊಗಲನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಡಾಂಬರು ಬಳಿಯುತ್ತಾರೆ. ತಳವು ಚಪ್ಪಟೆಯಾಗಿರುವುದರಿಂದ ಬಂಡೆಗಳ ಮೇಲಿನ ತೆಳುನೀರಿನಲ್ಲಿಯೂ ಅದು ತೇಲಬಲ್ಲುದು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಸಹ ಬುಟ್ಟಿಯಂತಹ ಈ ದೋಣಿಗಳ ವಿಷಯವನ್ನು ಬರೆದಿದ್ದಾನೆ. ಸೆಳವು ಹರಿಗೋಲನ್ನು ಕೆಳಕ್ಕೆ ಎಳೆಯುವುದರಿಂದ ಅಂಬಿಗನು ತಲುಪಬೇಕಾದ ದಡಕ್ಕಿಂತ ಮೇಲ್ಗಡೆಯಿಂದಲೇ ಹೊರಡುತ್ತಾನೆ. ಹುಟ್ಟು ಹಾಕುತ್ತ ಓರೆಯಾಗಿ ಹೊಳೆಯನ್ನು ದಾಟಿಸುತ್ತಾನೆ.

ಪ್ರವಾಸಿಗನಿಗೆ ಈ ಪಯಣವು ಒಂದು ದಿನದ ವಿನೋದ. ಹರಿಗೋಲು ಗಿರ್ರನೆ ತಿರುಗಿದರೆ ಅವನು ನಗುತ್ತಾನೆ. ನಡುಗಡ್ಡೆಯಲ್ಲಿ ಹುಟ್ಟಿದವನಿಗೆ ಅದೇ ಶಾಲೆಯ ದಾರಿ, ಸಂತೆಯ ದಾರಿ, ಆಸ್ಪತ್ರೆಯ ದಾರಿ. ಹೊಳೆ ತುಂಬಿದ ದಿನ ಮಗುವಿನ ಪಾಠ ನಿಲ್ಲುತ್ತದೆ. ಗರ್ಭಿಣಿಯ ಮನೆಯವರು ಇರುಳೆಲ್ಲ ನೀರನ್ನು ನೋಡುತ್ತ ಕೂರುತ್ತಾರೆ. 2020ರ ಆಗಸ್ಟ್‌ನಲ್ಲಿ ಇದೇ ಭಾಗದಲ್ಲಿ ಹೊಳೆ ದಾಟುತ್ತಿದ್ದ ತೆಪ್ಪವೊಂದು ಮಗುಚಿ ಜೀವಹಾನಿಯಾಯಿತು. ಒಂದು ಸೇತುವೆಗಾಗಿ ನಡುಗಡ್ಡೆಯ ಜನರು ಎಷ್ಟೋ ವರ್ಷ ಕಾದದ್ದೇಕೆಂಬುದು ಇದರಿಂದ ತಿಳಿಯುತ್ತದೆ.

ನಡುಗಡ್ಡೆಗೆ ಹೋಗುವವರು ಅಲ್ಲಿಯವರ ಮಾತನ್ನು ಕೇಳಿ ನಡೆಯಬೇಕು. ದಡದಲ್ಲಿ ನಿಂತ ಅಂಬಿಗನು “ಇವತ್ತು ಬ್ಯಾಡ್ರಿ, ಹೊಳಿ ಏರೈತಿ” ಎಂದರೆ, ಹೆಚ್ಚು ಹಣದ ಆಸೆ ತೋರಿಸಿ ಅವನನ್ನು ಒತ್ತಾಯಿಸಬಾರದು. ನಾವು ಹಿಂದಿರುಗಿ ಮತ್ತೊಂದು ದಿನ ಬರಬಹುದು. ಅವನಾದರೋ, ತನ್ನ ಮನೆಯನ್ನು ಸೇರಲು ಹೊಳೆ ಇಳಿಯುವವರೆಗೂ ಕಾಯಲೇಬೇಕು.