ನೋಯುವ ಹೆಗಲಿಗೆ ಅಂಗಸಾಧನೆ

ನಮ್ಮ ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಾಯಂದಿರೂ ಶಾಲೆಗೆ ಬಂದಾಗ ನಾವು ಅನೇಕಾವರ್ತಿ ಕೇಳುವ ದೂರು ಒಂದುಂಟು: ತಲೆ ಬಾಚಲು ಕೈ ಏಳದು, ಬೆನ್ನ ಹಿಂದೆ ಕೈ ಹೋಗದು, ರಾತ್ರಿ ಆ ಮಗ್ಗುಲಾಗಿ ಮಲಗಲಾಗದು. ಮನೆಯವರ ಜ್ವರಕ್ಕೆ ನಡುರಾತ್ರಿಯಲ್ಲಿಯೂ ವೈದ್ಯರಲ್ಲಿಗೆ ಓಡುವವಳು ತನ್ನ ಹೆಗಲಿಗೆ ವರುಷವೆಲ್ಲಾ ಎಣ್ಣೆ ತಿಕ್ಕಿ, ಕೈಯನ್ನು ಮಡಿಲಲ್ಲಿಟ್ಟು ಕುಳಿತುಕೊಳ್ಳುತ್ತಾಳೆ. ಎಣ್ಣೆಯಿಂದ ಹಾನಿಯಿಲ್ಲ, ಹಾನಿಯಿರುವದು ಕೈಯನ್ನು ಆಡಿಸದೆ ಇಡುವದರಲ್ಲಿ.

ತೋಳಿನ ಎಲುಬಿನ ದುಂಡುತಲೆಯು ದೊಡ್ಡದು. ಅದು ಕೂಡ್ರುವ ಗುಳಿಯು ತಟ್ಟೆಯಂತೆ ಆಳವಿಲ್ಲದ್ದು. ಆದಕಾರಣ ಭುಜವು ಎಲ್ಲಾ ದಿಕ್ಕಿಗೂ ತಿರುಗಬಲ್ಲದು, ಆದರೆ ಅದನ್ನು ಸ್ಥಳದಲ್ಲಿ ಹಿಡಿದು ನಿಲ್ಲಿಸುವವು ಮುಖ್ಯವಾಗಿ ಸುತ್ತಲಿನ 4 ಸ್ನಾಯುಗಳು. ಆಡಿಸದೆ ಇದ್ದರೆ ಇವು ಸೊರಗುವವು. ಕೆಲವರಿಗೆ ಕೀಲಿನ ಚೀಲವೇ ದಪ್ಪವಾಗಿ ಬಿಗಿಯುವದು. ಬಾಸ್ಟನ್ ಪಟ್ಟಣದ ಶಸ್ತ್ರವೈದ್ಯರಾದ ಅರ್ನೆಸ್ಟ್ ಕಾಡ್ಮನ್ನರು 1934ರಲ್ಲಿ ಇದನ್ನು 'ಹೆಪ್ಪುಗಟ್ಟಿದ ಭುಜ' ಎಂದು ಕರೆದರು. 40ರಿಂದ 60 ವಯಸ್ಸಿನವರಿಗೆ, ಅದರಲ್ಲಿಯೂ ಸ್ತ್ರೀಯರಿಗೆ ಮತ್ತು ಸಿಹಿಮೂತ್ರದ ರೋಗವುಳ್ಳವರಿಗೆ, ಇದು ಹೆಚ್ಚು. ಸಡಿಲಲು 1ರಿಂದ 3 ವರುಷ ಹಿಡಿಯುವದುಂಟು.

ಕಾಡ್ಮನ್ನರ ಹೆಸರಿನ ಸಾಧನೆಯು ಬಹು ಸುಲಭವಾದದ್ದು. ಒಳ್ಳೇ ಕೈಯನ್ನು ಮೇಜಿನ ಮೇಲೆ ಊರಿ, ಮುಂದಕ್ಕೆ ಬಾಗಿ, ನೋಯುವ ಕೈಯನ್ನು ಗಡಿಯಾರದ ಲೋಲಕದಂತೆ ಜೋಲಬಿಟ್ಟು ಸಣ್ಣ ಸಣ್ಣ ಸುತ್ತುಗಳಾಗಿ ತೂಗತಕ್ಕದ್ದು. ಬಳಿಕ ಗೋಡೆಯ ಮುಂದೆ ನಿಂತು ಬೆರಳುಗಳನ್ನು ಮೆಲ್ಲಮೆಲ್ಲನೆ ಮೇಲಕ್ಕೆ ನಡಿಸಿ, ತಲಪಿದಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ವಾರಕ್ಕೊಮ್ಮೆ ಆ ಗೆರೆಗಳನ್ನು ನೋಡುವದು ಔಷಧದಷ್ಟೇ ಧೈರ್ಯ ಕೊಡುವದು. ನೋವು ತಗ್ಗಿದ ಮೇಲೆ ಮೊಣಕೈಯನ್ನು ಪಕ್ಕಕ್ಕೆ ಅಂಟಿಸಿ ಮುಷ್ಟಿಯಿಂದ ಗೋಡೆಯನ್ನು 5 ಸೆಕೆಂಡು ಒತ್ತಿರಿ, ಹೀಗೆ 10 ಸಾರಿ. ಆಮೇಲೆ ಅರ್ಧ ಲೀಟರ್ ನೀರಿನ ಸೀಸೆಯನ್ನು ಎತ್ತಬಹುದು. ನಮ್ಮ ಡ್ರಿಲ್ ಮೈದಾನದ ಬಿರುಸು ಇಲ್ಲಿ ಬೇಡ.

ಸ್ವಲ್ಪ ನೋವು ಬಂದರೆ ಹೆದರಬಾರದು. ಅದು ಮರುದಿನ ಮುಂಜಾನೆಯೊಳಗೆ ಇಳಿದರೆ ಅಳತೆಯು ಸರಿ. ಇಳಿಯದಿದ್ದರೆ ಸಾಧನೆಯನ್ನು ಅರ್ಧ ಮಾಡಿರಿ, ಬಿಟ್ಟುಬಿಡಬೇಡಿರಿ. ಫಲವನ್ನು ಅಳೆಯಲು 12 ವಾರಗಳಾದರೂ ಬೇಕು. ಬೇಗ ಗುಣವಾಗಲೆಂದು ಶಸ್ತ್ರಕ್ರಿಯೆಗೆ ಆತುರಪಡುವವರು ಇದನ್ನು ತಿಳಿಯಲಿ: ಕೈಯೆತ್ತುವಾಗ ನೋಯುವ ಭುಜದಲ್ಲಿ ಎಲುಬನ್ನು ಕೆರೆಯುವ ಕ್ರಿಯೆಯ ವಿಷಯವಾಗಿ 2018ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಬ್ರಿಟಿಷ್ ಪರೀಕ್ಷೆಯಲ್ಲಿ, ಕೆರೆಸಿಕೊಂಡವರಿಗೂ ಕೇವಲ ಕೊಳವೆ ತೂರಿಸಿ ನೋಡಲ್ಪಟ್ಟವರಿಗೂ ಹೇಳತಕ್ಕಷ್ಟು ಭೇದ ಕಾಣಲಿಲ್ಲ.

ಬಿದ್ದು ಪೆಟ್ಟಾದ ಭುಜವನ್ನೂ, ಜ್ವರದೊಡನೆ ಕೆಂಪಾಗಿ ಬಾತ ಭುಜವನ್ನೂ ಮೊದಲು ವೈದ್ಯರಿಗೆ ತೋರಿಸತಕ್ಕದ್ದು. ಹೆಗಲ ನೋವಿನ ಸಂಗಡ ಎದೆ ಬಿಗಿದು ಬೆವರು ಕಿತ್ತರೆ ಅದು ಹೃದಯದ ಕರೆಯಾಗಿರಬಹುದು. ಆಗ ಯಾವ ಸಾಧನೆಯೂ ಬೇಡ, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಿರಿ.